ಅಚ್ಚಿನ ಗೊಂಬೆಗಳಾಗಿಯೇ ಉಳಿಯಬೇಕೆ?

ಹಿಂಡಲಗಾ ಎಂದೊಡನೆ ಕನ್ನಡಿಗರ ಕಣ್ಮುಂದೆ ಬರುವುದೇನು? ಜೈಲು! ಬೆಳಗಾವಿಯ ಪಕ್ಕದ ಆ ಊರಲ್ಲಿ ಗಣಪತಿ ಗುಡಿಯಿದೆ, ಸಂಸಾರಗಳಿವೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಆದರೆ ದೂರದಲ್ಲಿ ಕುಳಿತು ಪತ್ರಿಕೆ ಓದುವವರ ಪಾಲಿಗೆ ಅದು ಎತ್ತರದ ಗೋಡೆ ಮಾತ್ರ. ಒಂದು ಊರಿನ ಗತಿಯೇ ಹೀಗಾದರೆ ಒಂದು ಸಮುದಾಯದ ಪಾಡೇನು? ಗಡ್ಡ, ಟೋಪಿ, ಬುರ್ಖಾ ಗೀಚಿದರಾಯಿತು, ವ್ಯಂಗ್ಯಚಿತ್ರದ ಮುಸ್ಲಿಮ್ ಸಿದ್ಧ.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆಯನ್ನು ನಾವೆಲ್ಲ ಚಪ್ಪರಿಸಿ ಓದಿದವರೇ. ಅಲ್ಲಿ ಬಾದಶಹರಿದ್ದರು, ಸುಲ್ತಾನರಿದ್ದರು. ಕೂಲಿಗೆ ಹೋಗುವ, ಮಗಳ ಫೀಸಿಗೆ ಪರದಾಡುವ ಸಾಮಾನ್ಯ ಮುಸ್ಲಿಮನನ್ನು ಹುಡುಕಬೇಕಿತ್ತು.

ಈ ಅಚ್ಚನ್ನು ಒಡೆಯುವುದು ಹೇಗೆ? ಚಿತ್ರಗಳಲ್ಲೇ ಆತ್ಮಕಥೆ ಬರೆದವರು ದಾರಿ ತೋರಿಸಿದ್ದಾರೆ. ಇರಾನಿನ ಮರ್ಜಾನ್ ಸತ್ರಪಿ 2000ದಲ್ಲಿ ಫ್ರಾನ್ಸಿನಲ್ಲಿ 'ಪರ್ಸೆಪೊಲಿಸ್'ನ ಮೊದಲ ಭಾಗ ಪ್ರಕಟಿಸಿದರು. ಧರ್ಮದ ಬಗ್ಗೆ ಆಕೆ ಆಡುವ ಮಾತುಗಳನ್ನೆಲ್ಲ ನಾವು ಒಪ್ಪಬೇಕಾಗಿಲ್ಲ. ಆದರೆ ಆಕೆಯ ಕಥನದ ಜಾಣ್ಮೆ ನೋಡಿ. ಬರೀ ಕಪ್ಪು-ಬಿಳುಪು, ಪುಟ್ಟ ಹುಡುಗಿಯೊಬ್ಬಳ ಕಣ್ಣು. ಶಾಲೆಯಂಗಳದಲ್ಲಿ ಹುಡುಗಿಯರು ಕಡ್ಡಾಯದ ತಲೆವಸ್ತ್ರವನ್ನೇ ಹಗ್ಗ ಮಾಡಿಕೊಂಡು ಜಿಗಿಯುತ್ತಾರೆ. ಭಾಷಣವಿಲ್ಲ, ವಾದವಿಲ್ಲ. ಟಿ.ವಿ.ಯಲ್ಲಿ ಕರಿಯ ಗುಂಪಾಗಿ ಕಂಡವರು ಇಲ್ಲಿ ತುಂಟ ಮಕ್ಕಳಾಗುತ್ತಾರೆ.

ಶ್ರೀನಗರದ ಮಲಿಕ್ ಸಜಾದ್ 'ಮುನ್ನು' (2015) ಕೃತಿಯಲ್ಲಿ ಕಾಶ್ಮೀರಿಗಳನ್ನು ಅಳಿವಿನಂಚಿನ ಹಂಗುಲ್ ಜಿಂಕೆಗಳಾಗಿ ಬಿಡಿಸಿದರು. ಅವರಿಗಿಂತ ಮೊದಲೇ ಆರ್ಟ್ ಸ್ಪೀಗೆಲ್‌ಮನ್, ಯಹೂದಿಗಳನ್ನು ಕ್ರಿಮಿಗಳೆಂದ ನಾಝಿಗಳ ಬೈಗುಳವನ್ನೇ ತಿರುಗಿಸಿ 'ಮೌಸ್'ನಲ್ಲಿ ಅವರನ್ನು ಇಲಿಗಳಾಗಿ ಚಿತ್ರಿಸಿದ್ದರು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಆಶ್‌ವಿಟ್ಜ್‌ನಿಂದ ಬದುಕಿ ಬಂದ ತನ್ನ ತಂದೆ ಕಡುಜಿಪುಣ ಎಂಬುದನ್ನು ಆತ ಮುಚ್ಚಿಡಲಿಲ್ಲ. ಯಹೂದಿದ್ವೇಷಿಗಳು ಬರೆಯುವ ಚಿತ್ರಕ್ಕೂ ತನ್ನ ತಂದೆಗೂ ಹೋಲಿಕೆ ಬರುತ್ತಿದೆಯಲ್ಲ ಎಂಬ ಅಳುಕನ್ನೂ ಪುಟದಲ್ಲೇ ಇಟ್ಟ. ಆದ್ದರಿಂದಲೇ ಆ ತಂದೆ ಓದುಗನಿಗೆ ಮನುಷ್ಯನಾಗಿ ಕಾಣುತ್ತಾನೆ.

ನಾವು ಎಡವುತ್ತಿರುವುದು ಇಲ್ಲೇ. ನಮ್ಮನ್ನು ಖಳನಾಗಿ ತೋರಿಸಿದರೆ ಖಂಡನಾ ಹೇಳಿಕೆ ಕೊಡುತ್ತೇವೆ. ಬದಲಿಗೆ ನಾವು ಮುಂದಿಡುವುದು ತಪ್ಪೇ ಮಾಡದ, ಮನೆಯಲ್ಲಿ ಜಗಳವೇ ಇಲ್ಲದ 'ಆದರ್ಶ ಮುಸ್ಲಿಮ್'ನನ್ನು. ಅದೂ ಅಚ್ಚಿನ ಗೊಂಬೆಯೇ ಅಲ್ಲವೇ? ಅದನ್ನು ಯಾರು ನಂಬುತ್ತಾರೆ? ನಮ್ಮ ಹುಡುಗಿಯೊಬ್ಬಳು ವರದಕ್ಷಿಣೆಯ ಬಗ್ಗೆ ಬರೆದರೆ 'ಮನೆಯ ಮಾತು ಬೀದಿಗೇಕೆ' ಎನ್ನುವವರು ನಾವೇ.

ಹಿಂಡಲಗಾದಲ್ಲೋ ಖಾನಾಪುರದಲ್ಲೋ ಒಬ್ಬ ಹುಡುಗಿ ನೋಟ್‌ಬುಕ್ಕಿನ ಅಂಚಿನಲ್ಲಿ ಅಜ್ಜಿಯ ಮುಖ ಬಿಡಿಸುತ್ತಿರಬಹುದು. ಅದು ಮಕ್ಕಳಾಟವೆಂದು ಪೆನ್ಸಿಲ್ ಕಿತ್ತುಕೊಳ್ಳಬೇಡಿ. ನಮ್ಮ ಕಥೆಯನ್ನು ಸಿಹಿ-ಕಹಿಯೆಲ್ಲ ಸೇರಿಸಿ ನಾವೇ ಬಿಡಿಸದಿದ್ದರೆ, ಇತರರು ಬಿಡಿಸಿದ್ದೇ ನಮ್ಮ ಮುಖವಾಗುತ್ತದೆ.