ಹೆಸರಿಲ್ಲದವರ ಊರು

ಧರ್ಮಪುರದಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ, ನಮ್ಮ ಚಿತ್ರದುರ್ಗ ಜಿಲ್ಲೆಯ ಇತಿಹಾಸ ಎಲ್ಲಿಂದ ಆರಂಭವಾಗುತ್ತದೆ ಎಂದು ಕೇಳಿದರೆ ಅರ್ಧ ತರಗತಿ ಮದಕರಿನಾಯಕನ ಹೆಸರು ಹೇಳುತ್ತಿತ್ತು; ತುಸು ಓದಿಕೊಂಡವರು ಅಶೋಕನೆನ್ನುತ್ತಿದ್ದರು. ಇದು ಮಕ್ಕಳ ದೋಷವಲ್ಲ. ರಾಜನ ಹೆಸರಿಲ್ಲದ ಕಾಲವನ್ನು ಇತಿಹಾಸವೆಂದು ಒಪ್ಪಲು ನಮ್ಮ ಹಿರಿಯರಿಗೂ ಮನಸ್ಸು ಬಾರದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೇ ನೋಡಿ. 1892ರಲ್ಲಿ ಬಿ.ಎಲ್. ರೈಸ್ ಅವರು ಅಲ್ಲಿ ಅಶೋಕನ ಶಾಸನವನ್ನು ಪತ್ತೆಹಚ್ಚಿದ ಸಂಗತಿ ಎಲ್ಲರಿಗೂ ಗೊತ್ತು. ಆದರೆ ಅದೇ ಬೆಟ್ಟದ ಬುಡದಲ್ಲಿ ಡಾ. ಎಂ.ಎಚ್. ಕೃಷ್ಣ ಅವರೂ, ಅನಂತರ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ನೆಲ ಅಗೆಸಿದಾಗ ಕಂಡದ್ದು ಅಶೋಕನಿಗಿಂತಲೂ ಬಹು ಹಿಂದಿನ ಜನವಸತಿ. ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳು ಅಲ್ಲಿ ದೊರೆತವು. ತೀರಿಕೊಂಡ ಎಳೆಗೂಸುಗಳನ್ನು ಆ ಜನ ಮಡಕೆಯಲ್ಲಿರಿಸಿ ತಾವು ವಾಸಿಸುವ ಜಾಗದಲ್ಲಿಯೇ ಹೂಳುತ್ತಿದ್ದರು. ಊರಾಚೆಗೆ ಒಯ್ಯಲು ಮನಸ್ಸು ಬರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ಪುರಾತತ್ತ್ವಜ್ಞರ ಸಮ್ಮತಿ ಇರಲೇಬೇಕೆಂದಿಲ್ಲ.

ವ್ಹೀಲರ್ ಅವರು ಈ ಕಲ್ಗೊಡಲಿಯ ಜನರ ಕಾಲವನ್ನು ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ ಸೇರಿಸಿದರು. ಅವರ ಬಳಿ ಇದ್ದ ಮುಖ್ಯ ಆಧಾರ ಮೇಲಿನ ಪದರದ ಮಡಕೆಚೂರುಗಳು. ಇದ್ದಿಲಿನಿಂದ ಕಾಲವನ್ನು ಅಳೆಯುವ ಇಂಗಾಲ-14 ವಿಧಾನ ಇನ್ನೂ ಬಳಕೆಗೆ ಬಂದಿರಲಿಲ್ಲ. ಮುಂದೆ ಉಟ್ನೂರು ಮೊದಲಾದ ನೆಲೆಗಳ ಇದ್ದಿಲನ್ನು ಪರೀಕ್ಷಿಸಿದಾಗ ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3ನೆಯ ಸಹಸ್ರಮಾನದವರೆಗೆ ಹಿಂದೆ ಸರಿಯಿತು. ಇನ್ನೂ ಈಚೆಗೆ ಬಳ್ಳಾರಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮುಂತಾದೆಡೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಿಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ಏನವು? ಹುರುಳಿ, ಹೆಸರು, ಕೊರಲೆ! ನಮ್ಮ ಹಿರಿಯೂರು ಸೀಮೆಯ ಅಜ್ಜಿಯರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲದ ಧಾನ್ಯಗಳು. ಒಲೆಯ ಬಳಿ ಸೀದುಹೋದ ಕಾಳು, ಸೀದದ್ದರಿಂದಲೇ ನಾಲ್ಕು ಸಾವಿರ ವರ್ಷ ಉಳಿದುಬಂದಿದೆ.

ಆದುದರಿಂದಲೇ, ಇಂಥ ನೆಲೆಗಳನ್ನು ಪೂರ್ತಿಯಾಗಿ ಅಗೆದು ಎಲ್ಲವನ್ನೂ ಹೊರತೆಗೆಯಲಿ ಎಂಬ ಉತ್ಸಾಹಿಗಳ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಅಗೆದ ಪದರ ಮರಳಿ ಬಾರದು. 1947ರ ವಿದ್ವಾಂಸರಿಗೆ ಕಾಣದುದು ನಮಗೆ ಕಂಡಿದೆ. ನಮಗೆ ಕಾಣದುದು ಮೊಮ್ಮಕ್ಕಳಿಗೆ ಕಂಡೀತು. ಸ್ವಲ್ಪ ಅಗೆದು, ಹೆಚ್ಚನ್ನು ಬಿಡಬೇಕು.

ಆದರೆ ಬಿಡುವುದೆಂದರೆ ಅನಾಥವಾಗಿ ಬಿಡುವುದಲ್ಲ. ಹಾಳೂರ ದಿಬ್ಬದ ಮಣ್ಣು ಫಲವತ್ತಾದುದೆಂದು ಗಾಡಿಯಲ್ಲಿ ಹೊಲಕ್ಕೆ ಹೇರುವುದು ಹಳೆಯ ರೂಢಿ. ಗಾಡಿಯ ಕಾಲದಲ್ಲಿ ದಿಬ್ಬ ತಲೆಮಾರುಗಟ್ಟಲೆ ಉಳಿಯುತ್ತಿತ್ತು. ಜೆಸಿಬಿಗೆ ಒಂದು ಹಗಲು ಸಾಕು. ಇದಕ್ಕಾಗಿ ರೈತನನ್ನು ದೂರುವುದು ಅನ್ಯಾಯ. ಅದು ಏನೆಂದು ಅವನಿಗೆ ಹೇಳಿದವರಾರು? ಪ್ರತಿಯೊಂದು ಹೋಬಳಿಯಲ್ಲೂ ಇಂಥ ದಿಬ್ಬಗಳನ್ನು ಗುರುತಿಸಿ ಪಹಣಿಯಲ್ಲೇ ನಮೂದಿಸಬೇಕು, ಜಮೀನಿನ ಒಡೆಯನಿಗೆ ಪರಿಹಾರವನ್ನೂ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ಶಿಷ್ಯರಲ್ಲಿ ಹಲವರು ಈಗ ಗ್ರಾಮ ಪಂಚಾಯಿತಿ ಸದಸ್ಯರು, ಗುತ್ತಿಗೆದಾರರು, ಶಿಕ್ಷಕರು. ಮಣ್ಣು ತೆಗೆಸುವಾಗ ಬೂದಿಬಣ್ಣದ ಪದರ, ಮಡಕೆಚೂರು, ನುಣುಪಾದ ಕಲ್ಗೊಡಲಿ ಕಂಡರೆ ಯಂತ್ರವನ್ನು ನಿಲ್ಲಿಸಿ. ಕೊಡಲಿಯನ್ನು ಮನೆಗೆ ತರಬೇಡಿ, ಮರದ ಕೆಳಗಿಟ್ಟು ಕುಂಕುಮ ಹಚ್ಚಲೂ ಬೇಡಿ. ಇದ್ದಲ್ಲೇ ಇರಿಸಿ ಚಿತ್ರ ತೆಗೆದು, ಸರ್ವೆ ನಂಬರಿನೊಡನೆ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ನನಗೂ ಒಂದು ಪ್ರತಿ ಕಳುಹಿಸಿದರೆ ಸಂತೋಷ.