ಕೈಕಸುಬಿಗೆ ಬೀಗ ಹಾಕುವ ಕರಾರಿಗೆ ನಮ್ಮ ಖಂಡನೆ

ಪೀಣ್ಯ ಕೈಗಾರಿಕಾ ಪ್ರದೇಶದ ಪ್ರೆಸ್ ಟೂಲ್ ಕಾರ್ಖಾನೆಯೊಂದು, ತನ್ನಲ್ಲಿ 14 ವರ್ಷ ದುಡಿದು ರಾಜೀನಾಮೆ ಕೊಟ್ಟ ಟೂಲ್ ಮೇಕರ್ ಒಬ್ಬರು ಬೇರೆಲ್ಲೂ ಕೆಲಸ ಮಾಡದಂತೆ ತಡೆಯಲು ಹೊರಟಿರುವುದನ್ನು ನಮ್ಮ ಸಂಘದ ಕಾರ್ಯಕಾರಿ ಸಮಿತಿ ಒಮ್ಮತದಿಂದ, ಅತ್ಯಂತ ಕಟುವಾಗಿ ಖಂಡಿಸುತ್ತದೆ. ಅವರು ನಮ್ಮ ಸದಸ್ಯರು. ಅವರ ಡಿಪ್ಲೊಮಾದ ಮೂಲ ಅಂಕಪಟ್ಟಿಗಳು ಇವತ್ತಿಗೂ ಆ ಕಾರ್ಖಾನೆಯ ಕಪಾಟಿನಲ್ಲಿವೆ. ರಿಲೀವಿಂಗ್ ಲೆಟರ್ ಕೊಟ್ಟಿಲ್ಲ. ಗ್ರಾಚ್ಯುಟಿ ಬಂದಿಲ್ಲ. ಇಷ್ಟು ಸಾಲದೆಂಬಂತೆ, ಅವರಿಗೂ ಅವರನ್ನು ಸೇರಿಸಿಕೊಂಡ ಸಣ್ಣ ವರ್ಕ್‌ಶಾಪಿಗೂ ವಕೀಲರ ನೋಟಿಸ್ ಹೋಗಿದೆ. ನೋಟಿಸ್ ಕೈಗೆ ಬಂದ ಮೂರನೇ ದಿನ ವರ್ಕ್‌ಶಾಪಿನ ಮಾಲೀಕರು, "ಕೋರ್ಟು ಕಚೇರಿ ಅಲೆಯೋ ಶಕ್ತಿ ನನಗಿಲ್ಲಪ್ಪ, ಇದು ಬಗೆಹರಿಯೋ ತನಕ ಬರಬೇಡ" ಎಂದು ಹೇಳಿ ಕಳಿಸಿದ್ದಾರೆ. ಎರಡು ತಿಂಗಳಿಂದ ನಮ್ಮ ಸದಸ್ಯರು ಮನೆಯಲ್ಲಿ ಕೂತಿದ್ದಾರೆ.

ನೋಟಿಸಿಗೆ ಆಧಾರವಾಗಿರುವುದು ಮೂರು ವರ್ಷದ ಹಿಂದೆ ಇನ್‌ಕ್ರಿಮೆಂಟ್ ಪತ್ರದ ಜೊತೆ ಸಹಿ ಹಾಕಿಸಿಕೊಂಡ ಒಂದು ಹಾಳೆ. ಸಂಸ್ಥೆ ಬಿಟ್ಟ ಮೇಲೆ 2 ವರ್ಷ, ಬೆಂಗಳೂರಿನ ಸುತ್ತ 100 ಕಿಲೋಮೀಟರ್ ಒಳಗೆ, ಡೈ, ಮೋಲ್ಡ್, ಜಿಗ್, ಫಿಕ್ಸ್ಚರ್ ಮಾಡುವ ಯಾವ ಕಡೆಯೂ ಕೆಲಸ ಮಾಡತಕ್ಕದ್ದಲ್ಲ ಎಂದು ಅದರಲ್ಲಿದೆ. ದೊಡ್ಡಬಳ್ಳಾಪುರ, ತುಮಕೂರು, ಹಾರೋಹಳ್ಳಿ, ಹೊಸೂರು ಎಲ್ಲವೂ ಈ ಗೆರೆಯ ಒಳಗೇ ಬರುತ್ತವೆ. ಟೂಲ್ ರೂಮಿನ ಕೆಲಸ ಬಿಟ್ಟರೆ ಬೇರೆ ಕಲಿಯದ ಮನುಷ್ಯ ಈ ಎರಡು ವರ್ಷ ಏನು ಮಾಡಬೇಕು? ಹಾಳೆ ಬರೆದವರು ಅದನ್ನು ಯೋಚಿಸಿಲ್ಲ. ಯೋಚಿಸಿಯೇ ಬರೆದಿದ್ದರೆ ಅದು ಇನ್ನೂ ಕೆಟ್ಟದ್ದು.

ಸಹಿ ಹಾಕಿದ ಮೇಲೆ ಮುಗಿಯಿತು ಎಂಬ ನಂಬಿಕೆ ನಮ್ಮ ಕೆಲಸಗಾರರಲ್ಲಿ ಬಲವಾಗಿದೆ. ಹಾಗಲ್ಲ ಎಂಬುದನ್ನು ಸಂಘ ಎಲ್ಲರಿಗೂ ಕೇಳುವಂತೆ ಹೇಳಬಯಸುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಯಾರೇ ಆಗಲಿ ನ್ಯಾಯಬದ್ಧವಾದ ವೃತ್ತಿ, ವ್ಯಾಪಾರ, ಉದ್ಯೋಗ ನಡೆಸದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ. ಆ ಕಲಮಿನಲ್ಲೇ ಹೇಳಿರುವ ವಿನಾಯಿತಿ ಒಂದೇ: ವ್ಯಾಪಾರವನ್ನು ಅದರ ಗುಡ್‌ವಿಲ್ ಸಮೇತ ಮಾರಿದವನು ಕೊಂಡವನಿಗೆ ಎದುರು ಅಂಗಡಿ ಹಾಕುವುದಿಲ್ಲವೆಂದು ಮಿತಿಯೊಳಗೆ ಒಪ್ಪಿಕೊಳ್ಳಬಹುದು. ತಿಂಗಳ ಸಂಬಳಕ್ಕೆ ದುಡಿಯುವವನು ಮಾರಿದ್ದು ತನ್ನ ಹೊತ್ತನ್ನು. ಅವನ ಬಳಿ ಮಾರಲು ಗುಡ್‌ವಿಲ್ ಎಲ್ಲಿಂದ ಬರಬೇಕು?

ಈ ಕಲಮು ಮೊದಮೊದಲು ಪರೀಕ್ಷೆಗೆ ಬಿದ್ದದ್ದು ನಮ್ಮಂತೆಯೇ ಲೋಹದ ಕೆಲಸ ನಂಬಿದವರ ಜಗಳದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಕಲ್ಕತ್ತೆಯ ಒಂದೇ ಕೇರಿಯಲ್ಲಿ ಇಬ್ಬರು ಹಿತ್ತಾಳೆ ಕೆಲಸದ ಅಂಗಡಿಯವರಿದ್ದರು. ಪೈಪೋಟಿಯಿಂದ ಸೋತವನು, "ನೀನು ಈ ಕೇರಿಯಲ್ಲಿ ಅಂಗಡಿ ಮುಚ್ಚು, ನಿನ್ನ ಕೆಲಸಗಾರರಿಗೆ ನೀನು ಕೊಟ್ಟಿರುವ ಮುಂಗಡವನ್ನು ನಾನು ತೀರಿಸುತ್ತೇನೆ" ಎಂದು ಇನ್ನೊಬ್ಬನಿಗೆ ಮಾತು ಕೊಟ್ಟ. ಇವನು ಮುಚ್ಚಿದ, ಅವನು ಹಣ ಕೊಡಲಿಲ್ಲ. 1874ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿಚರ್ಡ್ ಕೌಚ್ ಆ ಕರಾರೇ ಶೂನ್ಯವೆಂದರು. ತಡೆ ಒಂದು ಕೇರಿಗಷ್ಟೇ ಇತ್ತಲ್ಲ, ಊರಿಗೆಲ್ಲ ಇರಲಿಲ್ಲವಲ್ಲ ಎಂಬ ವಾದವನ್ನು ಅವರು ಒಪ್ಪಲಿಲ್ಲ. ಅರ್ಧ ತಡೆಯೂ ತಡೆಯೇ. ಕೇರಿಯೊಂದರ ತಡೆಯೇ ನಿಲ್ಲದ ಕಾನೂನಿನಲ್ಲಿ 100 ಕಿಲೋಮೀಟರಿನ ತಡೆ ನಿಲ್ಲುತ್ತದೆಯೆ?

ನೋಟಿಸಿನಲ್ಲಿ "ಸಮಂಜಸವಾದ ಅವಧಿ, ಸಮಂಜಸವಾದ ವ್ಯಾಪ್ತಿ" ಎಂಬ ಮಾತು ನಾಲ್ಕು ಸಲ ಬಂದಿದೆ. ಅದು ಇಂಗ್ಲೆಂಡಿನ ಅಳತೆಗೋಲು. ಅಲ್ಲಿ 1894ರ ನಾರ್ಡನ್‌ಫೆಲ್ಟ್ ಪ್ರಕರಣದಿಂದ ಈಚೆಗೆ ಕೋರ್ಟುಗಳು ಇಂಥ ಕರಾರು ಸಮಂಜಸವೋ ಅಲ್ಲವೋ ಎಂದು ತೂಗಿ ನೋಡುತ್ತವೆ. ನಮ್ಮ ಕಾಯ್ದೆ ಆ ತಕ್ಕಡಿಯನ್ನು ಇಟ್ಟುಕೊಂಡಿಲ್ಲ. ನೌಕರಿ ಮುಗಿದ ಮೇಲಿನ ತಡೆಗಳು ಇಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಕರಣದಲ್ಲೂ ಎತ್ತಿಹಿಡಿದಿದೆ.

ಮಾಲೀಕರ ಪರವಾಗಿರುವ ತೀರ್ಪುಗಳನ್ನು ನಾವು ಮುಚ್ಚಿಡುವುದಿಲ್ಲ. 1967ರಲ್ಲಿ ಕಲ್ಯಾಣದ ಟೈರ್ ಕಾರ್ಡ್ ನೂಲಿನ ಕಾರ್ಖಾನೆಯ ಶಿಫ್ಟ್ ಸೂಪರ್‌ವೈಸರ್ ಒಬ್ಬರು ಐದು ವರ್ಷದ ಕರಾರನ್ನು ನಡುವೆಯೇ ಬಿಟ್ಟು ಕೋಟಾದ ಪ್ರತಿಸ್ಪರ್ಧಿ ಕಂಪನಿಗೆ ಹೋದಾಗ ಸುಪ್ರೀಂ ಕೋರ್ಟು ಅವರನ್ನು ತಡೆಯಿತು. ಆದರೆ ತಡೆದದ್ದು ಆ ಐದು ವರ್ಷದಲ್ಲಿ ಉಳಿದಿದ್ದ ಅವಧಿಗೆ ಮಾತ್ರ. 2025ರ ಮೇ ತಿಂಗಳಲ್ಲಿ, ನಮ್ಮ ಮಂಗಳೂರಿನಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಬಾಂಡನ್ನೂ ಅದೇ ಕೋರ್ಟು ಒಪ್ಪಿದೆ. ಈಗ ಪ್ರತಿಯೊಂದು ನೋಟಿಸಿನಲ್ಲೂ ಈ ತೀರ್ಪಿನ ಹೆಸರು ಕಾಣುತ್ತದೆ. ತೀರ್ಪನ್ನು ಓದಿದವರಿಗೆ ಗೊತ್ತು: ಅದು ನೌಕರಿಯಲ್ಲಿರುವ ಅವಧಿಯ ಕಟ್ಟುಪಾಡಿನ ಮಾತು. ಬ್ಯಾಂಕು ಬಿಟ್ಟವರು ಇನ್ನೊಂದು ಬ್ಯಾಂಕು ಸೇರಬಾರದೆಂದು ಅದರಲ್ಲಿ ಎಲ್ಲೂ ಹೇಳಿಲ್ಲ. 14 ವರ್ಷ ದುಡಿದು, ನೋಟಿಸ್ ಅವಧಿಯನ್ನೂ ಪೂರ್ತಿ ಮುಗಿಸಿ ಬಂದವರ ಮೇಲೆ ಅದನ್ನು ಬೀಸುವುದು ಶುದ್ಧ ಬೆದರಿಕೆ.

ಇನ್ನು ಗುಟ್ಟಿನ ಮಾತು. ನಮ್ಮ ಸದಸ್ಯರು "ವ್ಯಾಪಾರ ರಹಸ್ಯ"ವನ್ನು ಹೊತ್ತೊಯ್ದಿದ್ದಾರೆ ಎಂಬುದು ಕಾರ್ಖಾನೆಯ ಮುಖ್ಯ ಆರೋಪ. ಯಾವ ರಹಸ್ಯ ಎಂದು ಬರವಣಿಗೆಯಲ್ಲಿ ಕೇಳಿದೆವು. ಬಂದ ಉತ್ತರದಲ್ಲಿ ಮೊದಲನೆಯದು, ಪಂಚ್ ಮತ್ತು ಡೈ ನಡುವೆ ಬಿಡುವ ಕ್ಲಿಯರೆನ್ಸ್. ಮೃದು ಉಕ್ಕಿನ ಹಾಳೆಯಾದರೆ ಒಂದೊಂದು ಬದಿಗೆ ಹಾಳೆಯ ದಪ್ಪದ ಶೇ. 5ರಿಂದ 10ರ ಆಸುಪಾಸು ಎಂದು ಡಿಪ್ಲೊಮಾ ಹುಡುಗರ ನೋಟ್‌ಬುಕ್ಕಿನಲ್ಲೇ ಇರುತ್ತದೆ. ಎರಡನೆಯದು, ಹದ ಮಾಡಿದ ಡೈ ಎಷ್ಟು ಗಟ್ಟಿಯಿರಬೇಕು ಎಂಬುದು. ಅದನ್ನು ಉಕ್ಕು ಮಾರುವ ಕಂಪನಿಯ ಕ್ಯಾಟಲಾಗೇ ಹೇಳುತ್ತದೆ.

ಪುಸ್ತಕದಲ್ಲಿ ಇಲ್ಲದ್ದೂ ಒಂದಿದೆ. ಆ ಸದಸ್ಯರ ಪಕ್ಕದಲ್ಲಿ ನಿಂತು ನೋಡಿದವರು ನಮ್ಮ ಸಮಿತಿಯಲ್ಲೇ ಇದ್ದಾರೆ. ಟ್ರಯಲ್‌ನಲ್ಲಿ ಬಿದ್ದ ಮೊದಲ ಪೀಸನ್ನು ಎತ್ತಿ ಹೆಬ್ಬೆರಳಿನಿಂದ ಅಂಚು ಸವರುತ್ತಾರೆ. ಬರ್ ಯಾವ ಬದಿಯಲ್ಲಿ ಎದ್ದಿದೆ, ಎಷ್ಟು ಎದ್ದಿದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಪಂಚ್ ಕೂದಲೆಳೆಯಷ್ಟು ವಾಲಿದೆ ಎಂದು ಮೈಕ್ರೋಮೀಟರ್ ತರುವ ಮೊದಲೇ ಹೇಳುತ್ತಾರೆ. ಈ ಬೆರಳನ್ನು ಕಾರ್ಖಾನೆಯವರು ಯಾವ ಕಪಾಟಿನಲ್ಲಿ ಇಡುತ್ತಾರೆ? ಜಿಟಿಟಿಸಿಯಂಥ ಸರ್ಕಾರಿ ಸಂಸ್ಥೆಯಲ್ಲಿ ಜನರ ತೆರಿಗೆ ಹಣದಿಂದ ಶುರುವಾದ ಕಲಿಕೆ ಅದು, ಆಮೇಲೆ ಸಾವಿರಾರು ಪಾಳಿಗಳಲ್ಲಿ ಪಳಗಿದ್ದು. ಕಾರ್ಖಾನೆ ಅದಕ್ಕೆ ಸಂಬಳ ಕೊಟ್ಟಿದೆ, ಕೆಲಸ ಪಡೆದಿದೆ. ಅಲ್ಲಿಗೆ ಲೆಕ್ಕ ಚುಕ್ತಾ.

ನಿಜವಾದ ಗುಟ್ಟುಗಳೂ ಟೂಲ್ ರೂಮಿನಲ್ಲಿ ಇವೆ, ಮತ್ತು ಅವುಗಳ ಪರವಾಗಿಯೂ ಸಂಘ ನಿಲ್ಲುತ್ತದೆ. ಗಿರಾಕಿ ನಂಬಿ ಕೊಟ್ಟ, ಇನ್ನೂ ಮಾರುಕಟ್ಟೆಗೆ ಬಾರದ ಭಾಗದ ಡ್ರಾಯಿಂಗ್, ಸಂಸ್ಥೆಯೇ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ರೂಪಿಸಿದ ಸ್ಟ್ರಿಪ್ ಲೇಔಟ್, ಕೊಟೇಶನ್ನಿನ ದರ. ಭಾರತವೂ ಒಪ್ಪಿರುವ ಟ್ರಿಪ್ಸ್ ಒಪ್ಪಂದದ 39ನೇ ವಿಧಿ ಗುಟ್ಟಿಗೆ ಮೂರು ಗುರುತು ಹೇಳುತ್ತದೆ: ಆ ರಂಗದವರಿಗೆ ಸಾಮಾನ್ಯವಾಗಿ ತಿಳಿದಿರಬಾರದು, ಗುಟ್ಟಾಗಿರುವ ಕಾರಣಕ್ಕೇ ಅದಕ್ಕೆ ಬೆಲೆ ಇರಬೇಕು, ಕಾಪಾಡಿಕೊಳ್ಳಲು ಒಡೆಯನು ತಕ್ಕ ಕ್ರಮ ಕೈಗೊಂಡಿರಬೇಕು. ಇಂಥದ್ದನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಹೋದವರು ಯಾರೇ ಇರಲಿ, ನಮ್ಮ ಸದಸ್ಯರೇ ಇರಲಿ, ಸಂಘ ಅವರ ಬೆನ್ನಿಗೆ ನಿಲ್ಲುವುದಿಲ್ಲ. ಅಂಥವರ ಮೇಲೆ ಹೋಗಲು ಮಾಲೀಕರಿಗೆ ದಾರಿಯೂ ಇದೆ. ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ ನಂಬಿಕೆದ್ರೋಹದ ಆಧಾರದ ಮೇಲೆ ನಮ್ಮ ಕೋರ್ಟುಗಳು ತಡೆಯಾಜ್ಞೆ ಕೊಟ್ಟಿವೆ. ಮೇವು ಬೆಳೆಸುವ ಯಂತ್ರದ ನಕ್ಷೆಗಳ ವಿಷಯದಲ್ಲಿ ದೆಹಲಿ ಹೈಕೋರ್ಟು 1987ರಲ್ಲೇ ಹಾಗೆ ಮಾಡಿದೆ. ಆದರೆ ಕೋರ್ಟಿಗೆ ಹೋದರೆ ಯಾವ ಡ್ರಾಯಿಂಗ್, ಯಾವ ದಿನ ಎಂದು ತೋರಿಸಬೇಕಾಗುತ್ತದೆ. ತೋರಿಸಲು ಏನೂ ಇಲ್ಲದ್ದರಿಂದಲೇ ಈ ಕಾರ್ಖಾನೆ ಕೋರ್ಟಿಗೆ ಹೋಗದೆ, ಬಡ ವರ್ಕ್‌ಶಾಪಿನ ಬಾಗಿಲಿಗೆ ನೋಟಿಸ್ ಕಳಿಸಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ವ್ಯಾಪಾರ ರಹಸ್ಯಕ್ಕೆ ಬೇರೆಯೇ ಕಾಯ್ದೆ ಬೇಕೆಂದು ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಆಗ ಆಯೋಗದ ಅಧ್ಯಕ್ಷರಾಗಿದ್ದವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಕೆಲಸ ಮಾಡಿದ್ದ ರಿತುರಾಜ್ ಅವಸ್ಥಿ. ಕೆಲಸ ಮಾಡುತ್ತ ನೌಕರ ಗಳಿಸಿದ ಅನುಭವ ಮತ್ತು ಕೌಶಲ ರಹಸ್ಯದ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂಬ ಮಾತನ್ನು ಅದರ ಕರಡಿನಲ್ಲಿ ಸೇರಿಸಲಾಗಿದೆ. ಕಾಯ್ದೆ ಬರುವ ದಿನ ಈ ಸಾಲು ಒಂದಕ್ಷರವೂ ಕಮ್ಮಿಯಾಗದೆ ಉಳಿಯಬೇಕೆಂದು ಸಂಘ ಕೇಂದ್ರ ಸರ್ಕಾರವನ್ನು ಒತ್ತಾಯಿಸುತ್ತದೆ.

ಸದ್ಯಕ್ಕೆ ನಮ್ಮ ಒತ್ತಾಯ ಆ ಕಾರ್ಖಾನೆಯ ಆಡಳಿತದವರಿಗೆ. ಎರಡೂ ನೋಟಿಸುಗಳನ್ನು ಬರವಣಿಗೆಯಲ್ಲಿ ಹಿಂಪಡೆಯಿರಿ. ಅಂಕಪಟ್ಟಿ ಒತ್ತೆ ಇಡುವ ವಸ್ತುವಲ್ಲ, ಈ ವಾರವೇ ಕೊಟ್ಟು ಕಳಿಸಿ. ಗ್ರಾಚ್ಯುಟಿಯನ್ನು 30 ದಿನದೊಳಗೆ ಕೊಡಬೇಕಿತ್ತು; ತಾನಾಗಿ ರಾಜೀನಾಮೆ ಕೊಟ್ಟವರ ಗ್ರಾಚ್ಯುಟಿ ಮುಟ್ಟುಗೋಲು ಹಾಕಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ, ಬಡ್ಡಿ ಸಮೇತ ಕೊಡಿ. ಕಾರ್ಮಿಕ ಇಲಾಖೆಗೆ ನಮ್ಮ ಅರ್ಜಿ ಈಗಾಗಲೇ ತಲುಪಿದೆ.

ಕೆಲಸದಿಂದ ಹೇಳಿ ಕಳಿಸಿದ ವರ್ಕ್‌ಶಾಪಿನ ಮಾಲೀಕರ ಮೇಲೆ ನಮಗೆ ಸಿಟ್ಟಿಲ್ಲ. ಒಂದು ಕಾಲದಲ್ಲಿ ಅವರೂ ಫಿಟ್ಟರ್ ಆಗಿದ್ದವರೇ. ಆ ನೋಟಿಸಿಗೆ ಸಂಘದ ವಕೀಲರು ಉತ್ತರ ಸಿದ್ಧಪಡಿಸಿದ್ದಾರೆ, ಖರ್ಚು ಸಂಘದ್ದು. ಇಂಥ ಹಾಳೆಗೆ ಸಹಿ ಹಾಕಿದವರು, ನೋಟಿಸ್ ಬಂದು ಯಾರಿಗೂ ಹೇಳದೆ ಕೂತವರು ಪೀಣ್ಯದಲ್ಲಿ ಇನ್ನೂ ಇದ್ದಾರೆಂದು ನಮಗೆ ಗೊತ್ತು. ಪ್ರತಿ ಭಾನುವಾರ ಬೆಳಗ್ಗೆ 10ರಿಂದ ಸಂಘದ ಕಚೇರಿ ತೆರೆದಿರುತ್ತದೆ. ನೇಮಕಾತಿ ಪತ್ರ ಮತ್ತು ಸಹಿ ಹಾಕಿದ ಕರಾರಿನ ಪ್ರತಿಯನ್ನು ತನ್ನಿ. ಪ್ರತಿ ಕೊಟ್ಟೇ ಇಲ್ಲವೆಂದರೆ ಅದನ್ನು ಹೇಳುವುದಕ್ಕಾದರೂ ಬನ್ನಿ.

ಕಾರ್ಯಕಾರಿ ಸಮಿತಿಯ ಪರವಾಗಿ
ಅಧ್ಯಕ್ಷರು ಮತ್ತು ಪ್ರಧಾನ ಕಾರ್ಯದರ್ಶಿ