ಸಂಜೆಯ ಪಾಠ ಹೇಳುವವರಿಗೆ ತರಬೇತಿ ಬೇಡವೆ?

ಮಕ್ಕಳ ಶಿಕ್ಷಣದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗಳೆಲ್ಲ ಬೆಳಗಿನ ಪ್ರಾರ್ಥನೆಯಿಂದ ಆರಂಭವಾಗಿ ಸಂಜೆಯ ಗಂಟೆಯೊಂದಿಗೆ ಮುಗಿದುಹೋಗುತ್ತವೆ. ಪಠ್ಯಪುಸ್ತಕ, ಪರೀಕ್ಷೆ, ಬಿಸಿಯೂಟ, ಶಿಕ್ಷಕರ ಕೊರತೆ ಇವೆಲ್ಲವನ್ನೂ ನಾವು ವಿಚಾರಿಸುತ್ತೇವೆ. ಆದರೆ ಶಾಲೆ ಬಿಟ್ಟಾಗಿನಿಂದ ತಾಯಿತಂದೆ ಕೆಲಸ ಮುಗಿಸಿ ಕೈಬಿಡುವಾಗುವವರೆಗಿನ ಎರಡು ಮೂರು ಗಂಟೆ ಮಗು ಎಲ್ಲಿರುತ್ತದೆ, ಯಾರ ಜೊತೆಗಿರುತ್ತದೆ, ಜೊತೆಗಿರುವವರು ಆ ಕೆಲಸಕ್ಕೆ ಎಷ್ಟರಮಟ್ಟಿಗೆ ಸಿದ್ಧರಾದವರು ಎಂದು ಕೇಳುವವರು ವಿರಳ. ಈ ಲೇಖನವನ್ನು ಆ ಪ್ರಶ್ನೆಗೆ ಮೀಸಲಿಟ್ಟಿದ್ದೇನೆ.

ನಮ್ಮ ಇಳಕಲ್ಲಿನಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಇದು ನೇಕಾರರ ಊರು, ಕೆಂಪು ಗ್ರಾನೈಟಿನ ಊರು. ಕಲ್ಲಿನ ಗಣಿಗೂ ಪಾಲಿಷ್ ಘಟಕಗಳಿಗೂ ದುಡಿಯಲು ಹೋದವರು ಹೊತ್ತು ಮುಳುಗಿದ ಮೇಲೆ ಮನೆ ಸೇರುತ್ತಾರೆ. ನೇಕಾರರು ಮನೆಯಲ್ಲಿಯೇ ಇದ್ದರೂ ಮಗ್ಗದ ಮುಂದೆ ಕುಳಿತವರ ಕೈಗೆ ಬಿಡುವಿಲ್ಲ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಇಳಕಲ್ ಸೀರೆ ಒಬ್ಬರ ಕೈಯಿಂದ ಆಗುವಂಥದಲ್ಲ. ನೂಲು ಬಿಡಿಸಲು, ಕಂಡಿಕೆ ಸುತ್ತಲು ಮನೆಮಂದಿಯೆಲ್ಲ ಬೇಕು. ಶಾಲೆಯಿಂದ ಬಂದ ಮಗುವಿನ ಪುಟ್ಟ ಕೈ ಸಹಜವಾಗಿಯೇ ಆ ಕೆಲಸದತ್ತ ಹೊರಳುತ್ತದೆ.

ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು. ಜೊತೆಗೆ, ಶಾಲೆಯ ವೇಳೆಯ ನಂತರ ಹಾಗೂ ರಜೆಯಲ್ಲಿ, ಅಪಾಯಕಾರಿಯಲ್ಲದ ಮನೆತನದ ಕಸುಬಿನಲ್ಲಿ ಮಗು ನೆರವಾಗಬಹುದೆಂದು ವಿನಾಯಿತಿಯನ್ನೂ ಇಟ್ಟಿತು. ಮಗ್ಗವನ್ನೇ ನಂಬಿ ಬದುಕುವ ತಾಯಿತಂದೆಯರನ್ನು ನಾನು ದೂಷಿಸಲಾರೆ. ಆದರೆ ಸಂಜೆಯ ಈ ಗಂಟೆಗಳನ್ನು ಮನೆಗೆಲಸಕ್ಕಾಗಿ ಗುರುತಿಸಿದ ಕಾನೂನಿನ ಸರಿಸಮಾನವಾಗಿ, ಅದೇ ಗಂಟೆಗಳನ್ನು ಮಗುವಿನ ಓದಿಗೂ ಆಟಕ್ಕೂ ಕಾಯ್ದಿಡುವ ವ್ಯವಸ್ಥೆಯೊಂದು ನಮ್ಮಲ್ಲಿ ಬೆಳೆಯಲಿಲ್ಲ. ಇದು ನನ್ನ ಮನಸ್ಸನ್ನು ಬಹುಕಾಲದಿಂದ ಕೊರೆಯುತ್ತಿರುವ ಸಂಗತಿ.

2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದು ವಿಧಿಸಿದೆ. ಅದು ನ್ಯಾಯವೇ ಸರಿ. ಹೀಗಾಗಿ ಸಂಜೆಯ ಹೊಣೆ ಬೇರೆಯವರ ಹೆಗಲೇರಿದೆ. ಓಣಿಯ ಟ್ಯೂಷನ್ ಅಕ್ಕ, ವಿದ್ಯಾರ್ಥಿ ನಿಲಯಗಳಿಗೆ ಬಂದುಹೋಗುವ ಅರೆಕಾಲಿಕ ಬೋಧಕ, ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತೆ, ಹಳ್ಳಿಯ ಗ್ರಂಥಾಲಯದ ಮೇಲ್ವಿಚಾರಕ, ಇವರೇ ಸಂಜೆಯ ಗುರುಗಳು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರಲ್ಲಿ, ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಅಭಿಯಾನವು ಹಳ್ಳಿಯ ಮಕ್ಕಳನ್ನು ಉಚಿತ ಸದಸ್ಯತ್ವದ ಮೂಲಕ ಅಲ್ಲಿಗೆ ಕರೆತಂದಿತು. ಅದುವರೆಗೆ ದಿನಪತ್ರಿಕೆ ಜೋಡಿಸಿಟ್ಟು ವಹಿ ತುಂಬುತ್ತಿದ್ದ ಮೇಲ್ವಿಚಾರಕ ಒಂದೇ ವರ್ಷದಲ್ಲಿ ಕಥೆ ಹೇಳುವವನೂ ಆಟ ಆಡಿಸುವವನೂ ಆಗಬೇಕಾಯಿತು. ಅಲ್ಪಾವಧಿಯ ತರಬೇತಿಗಳು ಆಗಾಗ ನಡೆದಿವೆ, ನಿಜ. ಆದರೆ ಎರಡು ಮೂರು ದಿನಗಳ ಕಮ್ಮಟಕ್ಕೂ ವೃತ್ತಿಶಿಕ್ಷಣಕ್ಕೂ ಅಜಗಜಾಂತರ.

ನಾನು ಬಲ್ಲ ನೇಕಾರರ ಮನೆಯ ಹೆಣ್ಣುಮಗಳೊಬ್ಬಳು ಪಿ.ಯು.ಸಿ. ಮುಗಿಸಿ ಒಂದು ಸಂಸ್ಥೆಯ ಸಂಜೆ ಕೇಂದ್ರದಲ್ಲಿ ನಾಲ್ಕು ವರ್ಷ ದುಡಿದಳು. ಎರಡನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಮಕ್ಕಳನ್ನು ಒಂದೇ ಜಮಖಾನದ ಮೇಲೆ ಕೂಡಿಸಿ ಓದಿಸುವ ಕಲೆಯನ್ನು ತಾನಾಗಿಯೇ ಕಂಡುಕೊಂಡಿದ್ದಳು. ಐದನೆಯ ವರ್ಷ ಬೆಂಗಳೂರಿನ ಬಟ್ಟೆ ಕಾರ್ಖಾನೆಗೆ ಹೊರಟು ನಿಂತಾಗ ಕಾರಣ ಕೇಳಿದೆ. “ಸರ್, ಇಲ್ಲಿ ಹತ್ತು ವರ್ಷ ಇದ್ದರೂ ನಾನು ಮೊದಲನೇ ದಿನದಾಕಿನೇ” ಎಂದಳು. ಸಂಬಳ ಕಡಿಮೆಯೆಂದು ಆಕೆ ದೂರಲಿಲ್ಲ. ಕಲಿತದ್ದಕ್ಕೆ ಪ್ರಮಾಣಪತ್ರವಿಲ್ಲ, ಅನುಭವಕ್ಕೆ ಬೆಲೆಯಿಲ್ಲ, ಮುಂದೆ ಹತ್ತಲು ಮೆಟ್ಟಿಲಿಲ್ಲ ಎಂಬುದೇ ಆಕೆಯ ಕೊರಗು. ಆಕೆ ಹೋದ ಮೇಲೆ ಬಂದವಳು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. ಆ ಕಲಿಕೆಯ ಬೆಲೆ ತೆತ್ತವರು ಮಕ್ಕಳು.

ಇದು ಹೊಸ ಸಮಸ್ಯೆಯೇನಲ್ಲ. ನಮ್ಮ ಭಾಗದಲ್ಲಿ ಒಂದು ಕಾಲಕ್ಕೆ ಕೂಲಿಮಠದ ಐಗಳೇ ಅಕ್ಷರ ಕಲಿಸುತ್ತಿದ್ದರು. ಅವರಿಗೆ ತರಬೇತಿಯಿರಲಿಲ್ಲ, ನಿಶ್ಚಿತ ಸಂಬಳವೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದಲ್ಲಿ ಶಿಕ್ಷಕರ ತರಬೇತಿ ಶಾಲೆ ನೆಲೆಗೊಂಡು, ಡೆಪ್ಯುಟಿ ಚನ್ನಬಸಪ್ಪನವರಂಥವರು ಅದನ್ನು ಮುನ್ನಡೆಸಿದ ಮೇಲೆ ‘ಕನ್ನಡ ಸಾಲಿ ಮಾಸ್ತರ’ ಎಂಬುದು ಒಂದು ವೃತ್ತಿಯಾಯಿತು. ಮುಂದೆ ಟಿ.ಸಿ.ಎಚ್., ಡಿ.ಇಡಿ., ಈಗಿನ ಡಿ.ಎಲ್.ಇಡಿ. ಎಂದು ಹೆಸರು ಬದಲಾದರೂ ತತ್ತ್ವ ಬದಲಾಗಲಿಲ್ಲ: ಮಗುವಿನ ಮುಂದೆ ನಿಲ್ಲುವವನು ಮೊದಲು ಕಲಿತು ನಿಲ್ಲಬೇಕು. ಅಂದು ಐಗಳು ಇದ್ದ ಸ್ಥಿತಿಯಲ್ಲಿಯೇ ಇಂದು ಸಂಜೆಯ ಗುರುಗಳು ಇದ್ದಾರೆ.

ಈ ತರಬೇತಿ ಶಾಲಾ ಶಿಕ್ಷಕರ ತರಬೇತಿಯ ನಕಲಾಗಬಾರದು. ಸಂಜೆಗೆ ಬರುವ ಮಗು ದಣಿದಿರುತ್ತದೆ. ಅದಕ್ಕೆ ಇನ್ನೊಂದು ಶಾಲೆ ಬೇಡ. ಮಗು ಅಕ್ಷರದಲ್ಲಿ ನಿಂತಿದೆಯೋ, ಪದದಲ್ಲೋ, ವಾಕ್ಯದಲ್ಲೋ ಎಂದು ಐದು ನಿಮಿಷದಲ್ಲಿ ಗುರುತಿಸುವುದನ್ನು ಈ ಕಾರ್ಯಕರ್ತರು ಕಲಿಯಬೇಕು. ಬೇರೆ ಬೇರೆ ಮಟ್ಟದ ಮಕ್ಕಳನ್ನು ಒಟ್ಟಿಗೆ ಕಲಿಸುವ ವಿಧಾನ ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಅದನ್ನೇ ತೋರಿಸಿಕೊಟ್ಟಿತು. ಆಟ, ಹಾಡು, ಕಥೆ, ಪ್ರಥಮ ಚಿಕಿತ್ಸೆ, ತಾಯಂದಿರೊಡನೆ ಮಾತನಾಡುವ ಸೂಕ್ಷ್ಮ, ಮಗು ಬೆದರಿದ್ದರೆ ಅರಿಯುವ ಕಣ್ಣು, 2012ರ ಪೋಕ್ಸೋ ಕಾಯಿದೆಯ ತಿಳಿವಳಿಕೆ ಇವೂ ಬೇಕು. ಕತ್ತಲಾಗುವ ಹೊತ್ತಿನಲ್ಲಿ ಮಕ್ಕಳನ್ನು ಒಪ್ಪಿಸುವಾಗ ತಾಯಿತಂದೆ ನಂಬುವುದು ಕೇವಲ ಒಬ್ಬ ವ್ಯಕ್ತಿಯನ್ನಲ್ಲ, ಆ ವ್ಯಕ್ತಿಯ ಹಿಂದಿನ ಶಿಸ್ತನ್ನು.

ಮಾದರಿಗಾಗಿ ಬಹುದೂರ ಹೋಗಬೇಕಿಲ್ಲ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರನ್ನು ನೋಡಿರಿ. ಅವರಿಗೂ ಸಿಕ್ಕಿದ್ದು ಗೌರವಧನವೇ. ಆದರೂ ಅವರಿಗಾಗಿ ತರಬೇತಿ ಕೇಂದ್ರಗಳು ಬಂದವು, ಮೇಲ್ವಿಚಾರಕಿಯಾಗುವ ದಾರಿ ತೆರೆಯಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ಸಾರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಪಿ.ಯು.ಸಿ. ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಬೇಕೆಂದಿತು. ಆರು ವರ್ಷದೊಳಗಿನ ಕೂಸನ್ನು ನೋಡಿಕೊಳ್ಳುವವರಿಗೆ ಹೀಗೊಂದು ದಾರಿಯಿದ್ದರೆ, ಏಳರ ಮಗುವನ್ನು ನೋಡಿಕೊಳ್ಳುವವರಿಗೆ ಏಕಿಲ್ಲ? ಸ್ವೀಡನ್ನಿನಲ್ಲಿ ಶಾಲೆಯ ಹೊರಗಿನ ವೇಳೆಗಾಗಿಯೇ ‘ಫ್ರೀಟಿಡ್ಸ್‌ಹೆಮ್’ ಎಂಬ ಕೇಂದ್ರಗಳಿವೆ. ಅಲ್ಲಿ ಕಲಿಸುವ ಶಿಕ್ಷಕರಿಗಾಗಿ ವಿಶ್ವವಿದ್ಯಾನಿಲಯಗಳಲ್ಲಿ ಮೂರು ವರ್ಷದ ಪದವಿಯೇ ಇದೆ. ಆ ಶ್ರೀಮಂತ ದೇಶಕ್ಕೆ ನಮ್ಮನ್ನು ಹೋಲಿಸಲಾರೆ. ಆದರೆ ಸಂಜೆಯ ಕೆಲಸವನ್ನು ವಿದ್ಯೆಯೆಂದು ಗಣಿಸುವ ಆ ಮನೋಭಾವಕ್ಕೆ ಹಣ ಬೇಕಿಲ್ಲ.

“ಹುದ್ದೆಯೇ ಇಲ್ಲದಿರುವಾಗ ತರಬೇತಿಯೆಂದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ” ಎಂದು ಕೆಲವರು ಹೇಳಬಹುದು. ಸ್ವಾಮಿ, ಕೂಸು ಹುಟ್ಟಿ ಎಷ್ಟೋ ಕಾಲವಾಯಿತು; ಕುಲಾವಿಯಿಲ್ಲದೆ ನಡುಗುತ್ತಿದೆ. “ಇದು ಸೇವಾಭಾವದ ಕೆಲಸ, ಪದವಿಯಿಂದ ಬರುವಂಥದಲ್ಲ” ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮಕ್ಕಳ ಮೇಲಿನ ಅಕ್ಕರೆಯನ್ನು ಯಾವ ಕಾಲೇಜೂ ಕಲಿಸಲಾರದು. ಆದರೆ ಅಕ್ಕರೆಯುಳ್ಳವರೇ ದಿಕ್ಕುಗಾಣದೆ ಊರು ಬಿಡುವಾಗ, ಸೇವಾಭಾವದ ಹೊಗಳಿಕೆ ನಮ್ಮ ಜಿಪುಣತನಕ್ಕೆ ಹೊದಿಸಿದ ಶಾಲಾಗುತ್ತದೆ.

ಬಾಗಲಕೋಟೆ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಇರುವುದು ನಮ್ಮ ಇಳಕಲ್ಲಿನಲ್ಲಿಯೇ. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ ಈ ಬಗೆಯ ಸಂಸ್ಥೆಗಳಲ್ಲಿ ತರಬೇತಿ ಕೊಡಬಲ್ಲ ಅನುಭವಿಗಳಿದ್ದಾರೆ. ಅಲ್ಲಿ ಇಳಕಲ್, ಹುನಗುಂದ, ಬಾದಾಮಿ ಭಾಗದ ಸಂಜೆ ಕಾರ್ಯಕರ್ತರಿಗಾಗಿ ಒಂದು ವರ್ಷದ ಸರ್ಟಿಫಿಕೇಟ್ ವ್ಯಾಸಂಗ ಆರಂಭವಾಗಲಿ. ಅವರ ಕೆಲಸ ಸಂಜೆಯದಾದ್ದರಿಂದ ವಾರಕ್ಕೆ ಎರಡು ಮುಂಜಾನೆ ತರಗತಿ ಸಾಕು. ಉಳಿದದ್ದನ್ನು ಅವರವರ ಕೇಂದ್ರದಲ್ಲಿಯೇ, ಅನುಭವಿಗಳ ಕಣ್ಣಮುಂದೆ ಕಲಿಯಲಿ. ಮುಂದೆ ಡಿ.ಎಲ್.ಇಡಿ. ಅಥವಾ ಗ್ರಂಥಾಲಯ ವಿಜ್ಞಾನ ಓದಬಯಸಿದರೆ ಆ ವ್ಯಾಸಂಗಕ್ಕೆ ಮನ್ನಣೆ ಸಿಗಲಿ. ಮೂರು ವರ್ಷ ದುಡಿದವರಿಗೆ ಹಿರಿಯ ಕಾರ್ಯಕರ್ತೆಯ ಸ್ಥಾನ, ಹೊಸಬರಿಗೆ ಕಲಿಸುವ ಹೊಣೆ, ಅದಕ್ಕೆ ತಕ್ಕ ವೇತನ ದೊರೆಯಲಿ. ನಿವೃತ್ತರಾದ ನಮ್ಮಂಥವರು ವಾರಕ್ಕೊಂದು ತಾಸು ಪಾಠ ಹೇಳಲು ಸಂಬಳ ಕೇಳುವುದಿಲ್ಲ.

ಒಡಲು ಎಷ್ಟೇ ಚೆನ್ನಾಗಿ ನೇಯ್ದಿರಲಿ, ಸೆರಗು ಎಷ್ಟೇ ರೇಷ್ಮೆಯದಾಗಿರಲಿ, ನಡುವಿನ ಕೊಂಡಿ ಸಡಿಲವಾದರೆ ಸೀರೆ ನಿಲ್ಲದೆಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಶಾಲೆಗೂ ಮನೆಗೂ ನಡುವೆ ಆ ಕೊಂಡಿ ಹಾಕುವ ಕೈಗಳಿಗೆ ಕಸುಬು ಕಲಿಸುವ ಹೊಣೆಯನ್ನು ಬಲ್ಲವರು, ಅಧಿಕಾರದಲ್ಲಿರುವವರು ಇನ್ನಾದರೂ ಹೊರಲಿ.